ಭಟ್ಟರು ನಾಯಿಯಾದರೆ ಟೈಗರಿಗೇನು ನಷ್ಟ?

ಒಬ್ಬ ಮನುಷ್ಯನೂ ಅವನ ನಾಯಿಯೂ ಒಂದು ಬೆಳಗ್ಗೆ ಎದ್ದು ನೋಡುವಾಗ ಅವನ ಮೈಯಲ್ಲಿ ಅದು, ಅದರ ಮೈಯಲ್ಲಿ ಅವನು ಎಂದಾಗಿರುವ ಹಾಸ್ಯ ಕಾದಂಬರಿಗಳೆಂದರೆ ನನಗೆ ಬಹಳ ಇಷ್ಟ. ಆದರೆ ಆ ಜಾತಿಯ ಕಥೆಗಳ ಬಗ್ಗೆ ನನ್ನದೊಂದು ತಕರಾರು ಇದೆ. ಮನುಷ್ಯನು ತನ್ನ ಮೈಗೆ ಯಾವಾಗ ಮರಳುವೆನೋ ಎಂದು ಕಥೆಯುದ್ದಕ್ಕೂ ಹಪಹಪಿಸುತ್ತಾನೆ, ಓದುಗನೂ ಅವನ ಪಕ್ಷವನ್ನೇ ವಹಿಸಿ ಪುಟ ಮಗುಚುತ್ತಾನೆ. ನಾಯಿಯ ಅಭಿಪ್ರಾಯವೇನೆಂದು ಕೇಳುವವರು ಯಾರೂ ಇಲ್ಲ. ಅದಲುಬದಲು ಎಂದ ಮೇಲೆ ಅದರಲ್ಲಿ ಎರಡು ಕಕ್ಷಿಗಳಿವೆ. ಒಂದೇ ಕಕ್ಷಿಯ ಅಹವಾಲನ್ನು ಕೇಳಿ ತೀರ್ಪು ಕೊಡುವುದರ ಕಷ್ಟವೇನೆಂಬುದು, 1956ರ ನವೆಂಬರ್ 1ರಂದು ಮಲಗಿದ್ದಲ್ಲಿಯೇ ರಾಜ್ಯ ಬದಲಾಗಿಹೋದ ಕಾಸರಗೋಡಿನ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೈ ಬದಲಿಸುವ ಕಥೆ ನಮ್ಮಲ್ಲಿ ಹಳೆಯದು. ಶಂಕರಾಚಾರ್ಯರು ಅಮರುಕ ರಾಜನ ಶವವನ್ನು ಹೊಕ್ಕ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅದು ಒಮ್ಮುಖ ಸಂಚಾರ: ಆಚಾರ್ಯರು ಅತ್ತ ಹೋದರು, ಇತ್ತ ಅವರ ದೇಹವನ್ನು ಶಿಷ್ಯರು ಕಾದರು, ಸತ್ತ ರಾಜನು ಆಚಾರ್ಯರ ಮೈಯೊಳಗೆ ಬಂದು ಕುಳಿತನೆಂದು ಯಾರೂ ಹೇಳಿಲ್ಲ. ಇಬ್ಬರೂ ಅದಲುಬದಲಾಗಬೇಕಿದ್ದರೆ ಯೋಗಸಿದ್ಧಿಯೊಂದೇ ಸಾಲದು, ಯಾರಾದರೊಬ್ಬ ಸಿಬ್ಬಂದಿಯ ಕೈತಪ್ಪೂ ಬೇಕು. ಇದನ್ನು ಸರಿಯಾಗಿ ಕಂಡುಕೊಂಡದ್ದು ‘ಭಗವದಜ್ಜುಕೀಯಮ್’ ಎಂಬ ಸಂಸ್ಕೃತ ಪ್ರಹಸನ. 7ನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ಹೆಸರಿನೊಡನೆ ಸೇರಿಸಿ ಹೇಳಲಾಗುವ, ಬೋಧಾಯನನದೆಂಬ ಮಾತೂ ಇರುವ ಈ ಕೃತಿಯಲ್ಲಿ ಯಮದೂತನು ಹೆಸರು ಒಂದೇ ಎಂಬ ಕಾರಣಕ್ಕೆ ಬೇರೊಬ್ಬ ವಸಂತಸೇನೆಯ ಬದಲು ಈ ವಸಂತಸೇನೆಯ ಪ್ರಾಣವನ್ನು ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಮಹಿಮೆಯನ್ನು ತೋರಿಸಲು ಸನ್ಯಾಸಿಯು ಆ ಗಣಿಕೆಯ ಶರೀರವನ್ನು ಹೊಗುತ್ತಾನೆ. ತಪ್ಪನ್ನು ತಿದ್ದಲು ಮರಳಿದ ಯಮದೂತನು ಜಾಗ ಭರ್ತಿಯಾಗಿರುವುದನ್ನು ಕಂಡು ಗಣಿಕೆಯ ಜೀವವನ್ನು ಸನ್ಯಾಸಿಯ ದೇಹದಲ್ಲಿ ಇಟ್ಟುಬಿಡುತ್ತಾನೆ. ಕೇರಳದ ಕೂಡಿಯಾಟ್ಟಂ ರಂಗದಲ್ಲಿ ಈ ಪ್ರಹಸನ ಇಂದಿಗೂ ಜೀವಂತವಾಗಿದೆ. 1882ರಲ್ಲಿ ಇಂಗ್ಲೆಂಡಿನಲ್ಲಿ ಎಫ್. ಆನ್‌ಸ್ಟಿ ಬರೆದ ‘ವೈಸ್ ವರ್ಸಾ’ದಲ್ಲಿ ಅಪ್ಪನೂ ಮಗನೂ ಮೈ ಬದಲಾಯಿಸಿಕೊಳ್ಳುವಾಗಲೂ ಆ ಕೆಲಸಕ್ಕೆ ಒದಗುವುದು ಭಾರತದಿಂದ ತಂದ ಗರುಡಶಿಲೆ. ಸರಕು ನಮ್ಮದೇ ಎಂದಾಯಿತು.

ಆದರೆ ಸನ್ಯಾಸಿ ಗಣಿಕೆಯಾದಾಗ, ಅಪ್ಪ ಮಗನಾದಾಗ ಬದಲಾಗುವುದು ಹೆಚ್ಚಾಗಿ ಅವರವರ ಸ್ಥಾನಮಾನ. ಅವರೆಲ್ಲರಿಗೂ ಎರಡೇ ಕಾಲು, ಒಂದೇ ಬಗೆಯ ಮೂಗು. ನಾಯಿ ಕಥೆಯೊಳಗೆ ಬಂದಾಗ ಮಾತ್ರ ಶರೀರವನ್ನೇ ಮೊದಲಿನಿಂದ ಕಲಿಯಬೇಕಾಗುತ್ತದೆ. ಅದಲುಬದಲಾಯಿತು ಎಂಬ ಒಂದು ದೊಡ್ಡ ಸುಳ್ಳನ್ನು ಓದುಗನು ಉದಾರವಾಗಿ ನುಂಗಿದ ಬಳಿಕ, ಬರೆಯುವವನು ಉಳಿದುದೆಲ್ಲವನ್ನೂ ನಿಜವನ್ನೇ ಹೇಳಬೇಕೆಂಬುದು ಈ ಪ್ರಕಾರದ ಕರಾರು ಎಂದು ನಾನು ತಿಳಿದಿದ್ದೇನೆ. ಆ ಕರಾರಿನಂತೆ ಕಾದಂಬರಿಯನ್ನು ನಮ್ಮ ಊರಿಗೆ ತಂದು ನೋಡೋಣ. ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ ಎಲ್ಲಿಯೋ ಒಂದು ಅಡಿಕೆ ತೋಟದ ಮನೆ, ಯಜಮಾನರು ಭಟ್ಟರು, ನಾಯಿಗೆ ಟೈಗರ್ ಎಂದು ಹೆಸರು. ಅದಲುಬದಲಿಗೆ ಗರುಡಶಿಲೆಯನ್ನು ಹುಡುಕಬೇಕಾಗಿಲ್ಲ, ತುಲಾ ತಿಂಗಳ ಸಂಜೆಯ ಒಂದು ಗುಡುಗು ಸಾಕು. ಮನೆಯ ವಿದ್ಯುತ್ ಮೀಟರನ್ನು ಸುಡಬಲ್ಲ ಸಿಡಿಲಿಗೆ ಇದೇನೂ ಅಸಾಧ್ಯವಲ್ಲ.

ಭಟ್ಟರ ರೂಪದ ಟೈಗರ್ ಸಿಕ್ಕಿಬೀಳುವುದಕ್ಕೆ ಎಷ್ಟು ದಿನ ಬೇಕಾದೀತು? ನನ್ನ ಅಂದಾಜಿನಂತೆ ಬಹಳ ದಿನ ಬೇಕು. ಬೆಳಗ್ಗೆ ಎದ್ದು ಜಗಲಿಯಲ್ಲಿ ಕುಳಿತು ಗೇಟಿನತ್ತ ನೋಡುವುದು, ಯಾರಾದರೂ ಬಂದರೆ ಎದ್ದು ನಿಂತು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸುವುದು, ಮಧ್ಯಾಹ್ನ ಉಂಡು ತಂಪಾದ ಕಡೆಯಲ್ಲಿ ಒರಗುವುದು, ಸಂಜೆ ತೋಟಕ್ಕೊಂದು ಸುತ್ತು ಬರುವುದು: ಇವೆಲ್ಲ ಎರಡು ಪ್ರಾಣಿಗಳಿಗೂ ಸಮಾನವಾದ ದಿನಚರಿ. ಭಾಷೆಯ ತೊಡಕೂ ಇಲ್ಲ. ಮನೆಯೊಳಗಿನ ಹವ್ಯಕ ಕನ್ನಡ, ತೋಟದಲ್ಲಿನ ತುಳು, ಪೇಟೆಯಿಂದ ಬರುವವರ ಮಲಯಾಳ ಇಷ್ಟರಲ್ಲಿಯೂ ತನ್ನನ್ನು ಕರೆದದ್ದು ಯಾವುದು, ಓಡಿಸಿದ್ದು ಯಾವುದು ಎಂದು ಟೈಗರಿಗೆ ಮರಿಯಾಗಿದ್ದಾಗಲೇ ತಿಳಿದಿತ್ತು. ಸರಕಾರಿ ಕಚೇರಿಯೊಂದರಲ್ಲಿ ಮಲಯಾಳದಲ್ಲಿ ಮಾತ್ರ ಅಚ್ಚಾದ ಅರ್ಜಿ ನಮೂನೆಯನ್ನು ಕೈಗೆ ಕೊಟ್ಟರೆ ಅದನ್ನು ಹಿಡಿದುಕೊಂಡು ಪಿಳಿಪಿಳಿ ನೋಡುವುದರಲ್ಲಿ ಟೈಗರಿಗೂ ಭಟ್ಟರಿಗೂ ಯಾವ ವ್ಯತ್ಯಾಸವೂ ಕಾಣಿಸದು. ತಾಳಮದ್ದಳೆಯಲ್ಲಿ ಒಂದು ಸಣ್ಣ ಅರ್ಥಕ್ಕೆ ಕುಳ್ಳಿರಿಸಿದರೂ ಭಯವಿಲ್ಲ. ಎದುರಿನವನ ಸ್ವರ ಏರಿದಷ್ಟೂ ತನ್ನ ಸ್ವರವನ್ನು ಏರಿಸುತ್ತ ಹೋಗಬೇಕೆಂಬ ಮೂಲತತ್ತ್ವ ಟೈಗರಿಗೆ ಹುಟ್ಟಿನಿಂದಲೇ ಸಿದ್ಧಿಸಿದೆ.

ಸಂಶಯ ಬರುವುದಿದ್ದರೆ ಅದು ಒಳ್ಳೆಯ ನಡತೆಯಿಂದಲೇ ಬರಬೇಕು. ಸಾರಿಗೆ ಉಪ್ಪು ಕಡಿಮೆಯೆಂದು ಹೇಳದೆ, ನಿನ್ನೆಯ ಪಲ್ಯವೆಂದು ಮೂಗು ಮುರಿಯದೆ, ಬಡಿಸಿದ್ದನ್ನೆಲ್ಲ ಉಂಡು ಬಾಳೆಲೆಯನ್ನು ಚೊಕ್ಕಟ ಮಾಡಿದ ಗಂಡನನ್ನು ಕಂಡು ಭಟ್ಟರ ಮನೆಯವರು ಒಮ್ಮೆ ಬೆರಗಾಗುತ್ತಾರೆ. ಪೇಟೆಗೆ ಹೋಗಿದ್ದ ಅವರು ಬಸ್ಸಿಳಿದು ಗೇಟು ತೆರೆಯುವಷ್ಟರಲ್ಲಿ ಅದೇ ಗಂಡ ಜಗಲಿಯಿಂದ ಹಾರಿ ಬಂದು, ವರ್ಷಗಳ ಬಳಿಕ ಕಂಡವರಂತೆ ಸಂಭ್ರಮಪಟ್ಟು, ಕೈಚೀಲವನ್ನು ಇಸಿದುಕೊಂಡು ಮುಂದೆ ಮುಂದೆ ನಡೆದಾಗ ಮಾತ್ರ ಅವರಿಗೆ ನಿಜವಾಗಿ ಗಾಬರಿಯಾಗುತ್ತದೆ. “ಇವಕ್ಕೆ ಇದೆಂತಾತಪ್ಪಾ?” ಎಂದು ತವರಿಗೆ ಫೋನು ಹೋಗುತ್ತದೆ, ಮರುದಿನ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆಯೂ ಆಗುತ್ತದೆ. ನಿಜವಾದ ಗಂಡಾಂತರ ಇರುವುದು ಮೀನಿನ ಗಾಡಿಯಲ್ಲಿ. ತಮ್ಮ ಟೈಗರ್ ಅನ್ನ ಮಜ್ಜಿಗೆಯ ನಾಯಿಯೆಂಬುದು ಭಟ್ಟರ ಹೆಮ್ಮೆ. ಕೆಳಗಿನ ಮನೆಯ ಅಡುಗೆಕೋಣೆಯ ಹಿಂಬದಿಯಲ್ಲಿ ಅದಕ್ಕೆ ಬೇರೆಯೇ ಒಂದು ಖಾತೆ ಇರುವುದು ಅವರಿಗೆ ತಿಳಿಯದು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಗಾಡಿಯ ಹಾರ್ನ್ ಕೇಳಿದಾಗ ಜನಿವಾರ, ಮುಂಡು, ಹಣೆಯ ಗಂಧ ಯಾವುದನ್ನೂ ಲೆಕ್ಕಿಸದೆ ಭಟ್ಟರ ದೇಹವು ಮಾರ್ಗಕ್ಕೆ ಇಳಿದು ಬೂತಾಯಿಯ ಪೆಟ್ಟಿಗೆಯ ಮುಂದೆ ಆರ್ದ್ರಭಾವದಿಂದ ನಿಂತುಬಿಟ್ಟರೆ, ಬ್ರಹ್ಮಕಲಶೋತ್ಸವ ಸಮಿತಿಯ ಅಧ್ಯಕ್ಷಸ್ಥಾನದ ಗತಿ ಏನಾದೀತು ಎಂಬುದಕ್ಕೆ ಒಂದು ಪೂರ್ತಿ ಅಧ್ಯಾಯವನ್ನು ಮೀಸಲಿಡಬಹುದು.

ಟೈಗರಿನ ರೂಪದ ಭಟ್ಟರಾದರೋ ಅರ್ಧ ಗಂಟೆಯಲ್ಲಿ ಸೋಲುತ್ತಾರೆ. ಮೊದಲನೆಯದಾಗಿ ಸೆಕೆ. ನಾಯಿಗೆ ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಆದುದರಿಂದ ಮೈ ತಂಪಾಗಬೇಕಿದ್ದರೆ ನಾಲಿಗೆ ಚಾಚಿ ಏದುಸಿರು ಬಿಡಬೇಕು. ಹತ್ತು ಜನರ ಎದುರು ನಾಲಿಗೆ ಚಾಚುವುದು ಭಟ್ಟರ ಸಂಸ್ಕಾರಕ್ಕೆ ಒಗ್ಗುವುದಿಲ್ಲ. ಎರಡನೆಯದು ಕಣ್ಣು. ನಾಯಿಯ ಲೋಕದಲ್ಲಿ ಇರುವುದು ನೀಲಿ ಮತ್ತು ಹಳದಿಯ ಛಾಯೆಗಳು. ಕೆಂಪು ಹಸುರುಗಳ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಯಾವ ಗೊನೆ ಹಣ್ಣಾಗಿದೆ, ಯಾವುದು ಇನ್ನೂ ಕಾಯಿ ಎಂದು ಬುಡದಲ್ಲಿ ನಿಂತು ಕತ್ತೆತ್ತಿ ಒಂದೇ ನೋಟಕ್ಕೆ ಹೇಳುತ್ತಿದ್ದ ಕೃಷಿಕನಿಗೆ ಇಡೀ ತೋಟವೇ ಮಾಸಲು ಹಳದಿಯಾಗಿ ಕಾಣಿಸಿದರೆ ಎದೆ ಧಸಕ್ಕೆನ್ನದಿರುತ್ತದೆಯೇ? ಮೂರನೆಯದು ಕಿವಿ. ಮನುಷ್ಯನ ಶ್ರವಣ 20,000 ಹರ್ಟ್ಸ್‌ನಲ್ಲಿ ಮುಗಿದರೆ ನಾಯಿಯದು 40,000ವನ್ನೂ ದಾಟಿ ಹೋಗುತ್ತದೆ. ಉತ್ಸವದ ಸಿಡಿಮದ್ದಿಗೆ ಕಳೆದ ವರ್ಷಕ್ಕಿಂತ ಹೆಚ್ಚು ಹಣವನ್ನು ಸಭೆಯಲ್ಲಿ ಹಟ ಹಿಡಿದು ಮಂಜೂರು ಮಾಡಿಸಿದವರೇ ಆ ರಾತ್ರಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬಾಲ ಮಡಚಿ ನಡುಗುತ್ತಾರೆ. ಇಷ್ಟಾದ ಮೇಲೆ ಊಟದ ಹೊತ್ತಿಗೆ, ಪಾಪ ಮೂಕಪ್ರಾಣಿ ಎಂದು ಮೊಮ್ಮಗಳು ಪ್ರೀತಿಯಿಂದ ಸುರಿಯುವ ಪಾಯಸದಲ್ಲಿ ಒಣದ್ರಾಕ್ಷಿ ತೇಲುತ್ತಿರುತ್ತದೆ. ದ್ರಾಕ್ಷಿಯೂ ನೀರುಳ್ಳಿಯೂ ನಾಯಿಗೆ ವಿಷವೆಂದು ಪಶುವೈದ್ಯರು ಹೇಳಿದ್ದನ್ನು ಕಿವಿಯಾರೆ ಕೇಳಿದ್ದವರು ಭಟ್ಟರೊಬ್ಬರೇ. ಅದನ್ನು ಮನೆಯವರಿಗೆ ಹೇಳಲು ಮರೆತವರೂ ಅವರೇ. ದಕ್ಷಿಣಕ್ಕೆ ಪರಶಿನಿಕಡವಿನವರೆಗೆ ಹೋಗಿಬಿಟ್ಟರೆ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಳಿಗೆ ಪೂಜ್ಯ ಸ್ಥಾನವಿದೆಯಲ್ಲ ಎಂದು ಅವರು ಆಲೋಚಿಸುವುದೂ ಉಂಟು; ಆದರೆ ಅಲ್ಲಿನ ನೈವೇದ್ಯ ಮೀನು ಮತ್ತು ಕಳ್ಳು ಎಂಬುದು ನೆನಪಾಗಿ ಸುಮ್ಮನಾಗುತ್ತಾರೆ.

ಇಲ್ಲಿಯವರೆಗೆ ಕಥೆ ಎಲ್ಲರೂ ಬರೆಯುವಂತೆಯೇ ಸಾಗುತ್ತದೆ. ಕಾದಂಬರಿಕಾರರು ಸಾಮಾನ್ಯವಾಗಿ ಎಡವುವುದು ಮೂಗಿನಲ್ಲಿ. ಅವರ ನಾಯಿಗಳು ಮನುಷ್ಯರ ಹಾಗೆ ಕಣ್ಣಿನಿಂದಲೇ ಲೋಕವನ್ನು ನೋಡುತ್ತ, ನಡುನಡುವೆ ಶಾಸ್ತ್ರಕ್ಕೆ ಮೂಸುತ್ತವೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳು ಸುಮಾರು 50ರಿಂದ 60 ಲಕ್ಷವಾದರೆ ನಾಯಿಯ ಮೂಗಿನಲ್ಲಿ ಅವು ಕೋಟಿಗಟ್ಟಲೆ, ಕೆಲವು ತಳಿಗಳಲ್ಲಿ 30 ಕೋಟಿಯ ಹತ್ತಿರ. ಬಿಡುವ ಉಸಿರು ಮೂಗಿನ ಬದಿಯ ಸೀಳುಗಳಿಂದ ಹೊರಗೆ ಹೋಗುವುದರಿಂದ ಎದುರಿಗಿರುವ ವಾಸನೆ ಕದಡದೆ ಉಳಿಯುತ್ತದೆ. ಈ ಯಂತ್ರವನ್ನು ಕೈಗೆ, ಅಲ್ಲ, ಮುಖಕ್ಕೆ ಪಡೆದ ಭಟ್ಟರು ಮೊದಲ ರಾತ್ರಿಯೇ ಅಂಗಳದಲ್ಲಿ ಸ್ತಬ್ಧರಾಗಿ ನಿಂತಿರಬೇಕು. ಒಣಗಲು ಹರಡಿದ ಅಡಿಕೆಯಲ್ಲಿ ಮೊದಲ ಕೊಯ್ಲಿನದು ಯಾವುದು, ಎರಡನೆಯದು ಯಾವುದು ಎಂದು ಕಣ್ಣುಮುಚ್ಚಿ ಹೇಳಬಹುದು. ಅಟ್ಟದ ಮೇಲಿನ ಗೋಣಿಗಳಲ್ಲಿ ಬೂಸ್ಟು ಹಿಡಿದದ್ದು ಎಡದಿಂದ ಮೂರನೆಯದು, ಅದೂ ತಳಭಾಗದಲ್ಲಿ. ತೋಡಿನ ಆಚೆಯಿಂದ ಮುಳ್ಳುಹಂದಿ ಬಂದು ಎಳೆಯ ಗಿಡದ ಬುಡವನ್ನು ಮೂಸಿ ಹೋದ ದಾರಿ ತಿಳಿಯುತ್ತದೆ, ಅದು ಒಂಟಿಯಾಗಿತ್ತು ಎಂಬುದೂ ತಿಳಿಯುತ್ತದೆ. ಕಳೆದ ವಾರದಿಂದ ಕಾಣೆಯಾಗುತ್ತಿದ್ದ ತೆಂಗಿನಕಾಯಿಗಳು ಯಾರ ಹೆಗಲೇರಿ ಹೋದವೆಂಬುದಕ್ಕೆ ಕಟ್ಟಪುಣಿಯ ಹುಲ್ಲಿನಲ್ಲಿ ಇನ್ನೂ ಸಾಕ್ಷ್ಯವಿದೆ, ಮತ್ತು ಆ ಸಾಕ್ಷ್ಯ ಸ್ವಂತ ಭಾವನ ಬೀಡಿಯದು. ಇಷ್ಟು ವರ್ಷ ತಾನು ಈ ತೋಟದ ಯಜಮಾನನೆಂದು ತಿಳಿದಿದ್ದೆನಲ್ಲ, ಇದರ ಮುಖಪುಟವನ್ನೂ ತೆರೆದಿರಲಿಲ್ಲವಲ್ಲ ಎಂದು ಅವರಿಗೆ ಅನಿಸುತ್ತದೆ.

ಅದೇ ರಾತ್ರಿ ಟೈಗರ್ ಭಟ್ಟರ ಮೈಯಲ್ಲಿ ಗೇಟಿನ ಕಂಬದ ಬಳಿ ಹೋಗಿ ಬಗ್ಗಿ ಮೂಸುತ್ತದೆ. ಏನೂ ಇಲ್ಲ. ಮತ್ತೊಮ್ಮೆ, ಮೂಗನ್ನು ಸಿಮೆಂಟಿಗೆ ತಾಗಿಸಿ ಮೂಸುತ್ತದೆ. ಹಣೆಯ ಗಂಧದ ಪರಿಮಳ ಮಾತ್ರ. ಸಂಜೆ ಈ ದಾರಿಯಲ್ಲಿ ಯಾರು ಹೋದರು, ಕೆಳಗಿನ ಮನೆಯ ಕರಿ ನಾಯಿಯ ಆರೋಗ್ಯ ಹೇಗಿದೆ, ಹೊಸಬರು ಯಾರಾದರೂ ಊರಿಗೆ ಬಂದಿದ್ದಾರೆಯೇ, ಒಂದೂ ತಿಳಿಯುವುದಿಲ್ಲ. ಕುರ್ಚಿ ಸಿಕ್ಕಿದೆ, ಫ್ಯಾನು ಸಿಕ್ಕಿದೆ, ಅಡುಗೆಕೋಣೆಗೆ ಪ್ರವೇಶ ಸಿಕ್ಕಿದೆ, ಮಿಕ್ಸ್ಚರಿನ ಡಬ್ಬಿ ಎಲ್ಲಿದೆಯೆಂಬ ವರ್ಷಗಳ ರಹಸ್ಯ ಬಯಲಾಗಿದೆ. ಆದರೆ ಲೋಕವೇ ನಂದಿಹೋಗಿದೆ. ಇದರ ಮೇಲೆ ಸಹಕಾರಿ ಬ್ಯಾಂಕಿನ ಸಾಲದ ಕಂತು, ಕೊಳೆರೋಗಕ್ಕೆ ಮದ್ದು ಬಿಡುವವರು ಸಿಗದ ಚಿಂತೆ, ಮದುವೆಯ ಕರೆಯೋಲೆಗಳು. ಆದುದರಿಂದ ಮರಳಿ ಮೊದಲಿನಂತೆ ಆಗಬೇಕೆಂದು ಗೋಗರೆಯಬೇಕಾದವನು ಟೈಗರ್, ಭಟ್ಟರಲ್ಲ. ಸಾಲವಿಲ್ಲದ, ಸಮಿತಿಯಿಲ್ಲದ, ರಾತ್ರಿಯಿಡೀ ಓದಿದರೂ ಮುಗಿಯದ ತೋಟವಿರುವ ಜೀವನವನ್ನು ಬಿಟ್ಟುಕೊಡಲು ಭಟ್ಟರಿಗೆ ಯಾವ ಅವಸರವೂ ಇರಲಾರದು. ಬಿಸಿಲು, ಉಣುಗು, ಸಿಡಿಮದ್ದು ಎಲ್ಲವನ್ನೂ ಲಾಭನಷ್ಟದ ಪಟ್ಟಿಯಲ್ಲಿ ಬರೆದು ಕೂಡಿಸಿದರೂ ಅವರಿಗೆ ಲಾಭವೇ ಹೆಚ್ಚಾಗಿ ಕಾಣಿಸೀತು.

ಹಾಗಿದ್ದರೆ ಕೊನೆಯ ಅಧ್ಯಾಯದಲ್ಲಿ ಅವರನ್ನು ಒಪ್ಪಿಸುವುದು ಹೇಗೆ? ಹೆಂಡತಿಯ ಕಣ್ಣೀರಿನಿಂದ ಆಗದು. ಹೊಸ ಗಂಡನ ಬಗ್ಗೆ ಅವರಿಗೆ ಅಂಥ ದೂರೇನೂ ಇಲ್ಲ. ಧರ್ಮೋಪದೇಶದಿಂದಲೂ ಆಗದು, ಏಕೆಂದರೆ ಭಟ್ಟರು ಅದನ್ನು ಮಾಡಿ ಗೊತ್ತಿದ್ದವರೇ ಹೊರತು ಕೇಳಿ ಅಲ್ಲ. ನನಗೆ ತೋಚುವ ದಾರಿ ಒಂದೇ. ಮಧ್ಯಾಹ್ನದ ಊಟ ಮುಗಿದು ನೆಂಟರೊಡನೆ ಜಗಲಿಯಲ್ಲಿ ಎಲೆತಟ್ಟೆಯನ್ನು ಇಡಬೇಕು. ಕೆಳಗೆ ಮೆಟ್ಟಿಲ ಬಳಿ ಮಲಗಿದ್ದ ಭಟ್ಟರ ಮೂಗು ತಾನಾಗಿಯೇ ಏಳುತ್ತದೆ: ಚಿಗುರು ವೀಳ್ಯದೆಲೆ, ಹದವಾದ ಸುಣ್ಣ, ಹೊಗೆಸೊಪ್ಪು, ಮತ್ತು ಬಾವಿಕಟ್ಟೆಯ ಬಳಿಯ ಹಳೆಯ ಮರದ ಅಡಿಕೆ. ಆದರೆ ನಾಯಿಯ ದವಡೆ ಮೇಲಕ್ಕೂ ಕೆಳಕ್ಕೂ ಆಡುತ್ತದೆಯೇ ಹೊರತು ಅಡ್ಡಕ್ಕೆ ಅರೆಯಲಾರದು; ನುಂಗಬಹುದು, ಕಚ್ಚಬಹುದು, ಜಗಿಯುವ ಸುಖ ಅದಕ್ಕಿಲ್ಲ. ಅಷ್ಟರಲ್ಲಿ ನೆಂಟರು ತಾವೇ ಸುಣ್ಣ ಸವರಿ ಮಡಚಿ ಕೊಟ್ಟ ಎಲೆಯನ್ನು ಟೈಗರ್ ಭಟ್ಟರ ಬಾಯಿಗೆ ಹಾಕಿಕೊಂಡು, ಎರಡು ಸಲ ಜಗಿದು, ಮುಖ ಹಿಂಡಿ, ಥೂ ಎಂದು ಅಂಗಳಕ್ಕೆ ಉಗುಳಬೇಕು. ತಮ್ಮದೇ ಬಾಯಿ, ತಮ್ಮದೇ ತೋಟದ ಅಡಿಕೆಗೆ ಮಾಡಿದ ಆ ಅವಮಾನವನ್ನು ಕಣ್ಣಾರೆ ಕಂಡ ಮೇಲೆ ಭಟ್ಟರು ಪೂರ್ವದ ಆಕಾಶದಲ್ಲಿ ಮೋಡವೇನಾದರೂ ಕಟ್ಟುತ್ತಿದೆಯೇ ಎಂದು ನೋಡಲು ತಾವಾಗಿಯೇ ಗುಡ್ಡ ಹತ್ತುತ್ತಾರೆ.