‘ನೊಸ್ಫೆರಾಟು’ ಹಾಕೋ ಮುಂಚೆ ಟಿವಿ ಬ್ರೈಟ್‌ನೆಸ್ ಇಳಿಸಿ

ರಾಬರ್ಟ್ ಎಗ್ಗರ್ಸ್ ನಿರ್ದೇಶನದ ಭಯಾನಕ ಚಿತ್ರ ‘ನೊಸ್ಫೆರಾಟು’ (2024) ನೋಡಿದ ನಮ್ಮ ಮೈಸೂರಿನವರು ಬಹಳ ಜನ ಹೇಳೋದು ಒಂದೇ ಮಾತು: “ಏನೂ ಕಾಣಲ್ಲ, ಬರೀ ಕತ್ತಲು.” ಸಿನಿಮಾದ ತಪ್ಪಲ್ಲ ಅದು. ಮೇಣದಬತ್ತಿಯ ಬೆಳಕು ಮುಟ್ಟದ ಮೂಲೆಗಳಲ್ಲೇ ಈ ಚಿತ್ರದ ಭಯ ಇರೋದು. ಕೋಟೆಯಲ್ಲಿ ರಕ್ತಪಿಶಾಚಿ ಓರ್ಲಾಕ್ ಎದುರಾದಾಗಲೂ ಅವನ ಮುಖ ನಮಗೆ ಪೂರ್ತಿ ಸಿಗಲ್ಲ.

ಕಾಣಲಿ ಅಂತ ಬ್ರೈಟ್‌ನೆಸ್ ಏರಿಸಿದರೆ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತೆ, ಅಲ್ಲಿಗೆ ಸಿನಿಮಾ ಸತ್ತ ಹಾಗೆ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಮೂವಿ’ಗೆ ಹಾಕಿ. ಮೋಷನ್ ಸ್ಮೂತಿಂಗ್ (ಚಲನೆಯನ್ನ ನಯ ಮಾಡೋ ಸೆಟ್ಟಿಂಗ್) ತೆಗೀರಿ, ಇಲ್ಲದಿದ್ದರೆ 35 ಎಂಎಂ ಫಿಲ್ಮು ಧಾರಾವಾಹಿ ಥರ ಕಾಣುತ್ತೆ. ಪವರ್ ಸೇವಿಂಗ್ ಕೂಡ ಆಫ್ ಆಗಲಿ, ಮಂಕು ದೃಶ್ಯಗಳನ್ನ ಅದು ಇನ್ನಷ್ಟು ಮಂಕು ಮಾಡುತ್ತೆ. ಚಿತ್ರದ ಅಗಲ-ಎತ್ತರದ ಅಳತೆ 1.66:1, ಟಿವಿ ಪರದೆಗಿಂತ ಅಗಲ ಕಮ್ಮಿ. ಹಾಗಾಗಿ 43 ಇಂಚಿನ ಟಿವಿಯಲ್ಲಿ ಎಡಕ್ಕೆ, ಬಲಕ್ಕೆ ಸುಮಾರು 3 ಸೆಂಟಿಮೀಟರ್ ಕಪ್ಪು ಪಟ್ಟಿ ಉಳಿಯುತ್ತೆ. ಅದನ್ನ ಮುಚ್ಚೋಕೆ ಜೂಮ್ ಮಾಡಬೇಡಿ, ಅದೇ ನಿಮ್ಮ ಅಳತೆಗೋಲು: ಪಟ್ಟಿ ಬೂದು ಕಂಡರೆ ಬ್ರೈಟ್‌ನೆಸ್ ಇನ್ನೂ ಜಾಸ್ತಿ ಇದೆ ಅಂತ ಅರ್ಥ.

ತೊಟ್ಟಿ ಮನೆಯಲ್ಲೋ ಗವಾಕ್ಷಿ ಇರೋ ಹೆಂಚಿನ ಮನೆಯಲ್ಲೋ ಹಗಲು ಹೊತ್ತು ಹಾಕಲೇಬೇಡಿ. ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಕಣ್ಣಿಗೆ ಆಯಾಸ ಆಗದಿರಲಿ ಅಂತ ಟಿವಿ ಹಿಂದೆ ಒಂದು ಝೀರೋ ಬಲ್ಬ್ ಇಟ್ಟರೆ ಸಾಕು. ಮಕ್ಕಳು ಮಲಗಿರಲಿ.

ಮೂಲ ಚಿತ್ರ ಜರ್ಮನಿಯ ನಿರ್ದೇಶಕ ಮುರ್ನೌ ಅವರ 1922ರ ಮೂಕಿ. ಅನುಮತಿ ಇಲ್ಲದೆ ‘ಡ್ರಾಕುಲಾ’ ಕಾದಂಬರಿಯಿಂದ ಮಾಡಿದ್ದು. ಲೇಖಕ ಬ್ರಾಮ್ ಸ್ಟೋಕರ್ ಅವರ ಹೆಂಡತಿ ಕೋರ್ಟಿಗೆ ಹೋಗಿ, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶ ತಂದರೂ ಕೆಲವು ಉಳಿದುಬಿಟ್ಟವು, ನಮ್ಮ ಪುಣ್ಯ. ಅದನ್ನ ನೋಡೋದಾದರೆ ಬಣ್ಣದ ಛಾಯೆ ಕೊಟ್ಟ ಪ್ರತಿಯನ್ನೇ ಹುಡುಕಿ. ಆಗ ರಾತ್ರಿ ದೃಶ್ಯಗಳನ್ನ ಹಗಲಲ್ಲೇ ತೆಗೆದು ಫಿಲ್ಮಿಗೆ ನೀಲಿ ಹಾಕ್ತಿದ್ದರು. ನೀಲಿ ಇಲ್ಲದ ಪ್ರತಿಯಲ್ಲಿ ಓರ್ಲಾಕ್ ಶವಪೆಟ್ಟಿಗೆ ಹೊತ್ಕೊಂಡು ಬಿಸಿಲಲ್ಲಿ ಓಡಾಡ್ತಾನೆ! ಕಾದಂಬರಿಯ ಡ್ರಾಕುಲಾ ಹಗಲಲ್ಲೂ ತಿರುಗಾಡ್ತಾನೆ. ಬೆಳಕಿಗೆ ಸಾಯೋ ರಕ್ತಪಿಶಾಚಿ ಹುಟ್ಟಿದ್ದು ಈ ಮೂಕಿಯಲ್ಲಿ. ನೀಲಿ ಹೋದರೆ ಕಥೆಯೇ ಹೋಯ್ತು.

ಎಗ್ಗರ್ಸ್ ಸೇರಿಸಿದ್ದು ಒಪ್ಪಿಗೆಯ ಕರಾರು: ನಾಯಕಿ ಎಲೆನ್ ತಾನಾಗೇ ಓರ್ಲಾಕ್‌ನನ್ನ ಒಪ್ಪಬೇಕು, ಗಡುವು ಮೂರು ರಾತ್ರಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ಊರುಗಳ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಶಬ್ದ. ಓರ್ಲಾಕ್ ಪಾತ್ರ ಮಾಡಿರೋ ಬಿಲ್ ಸ್ಕಾರ್ಸ್‌ಗಾರ್ಡ್ ದನಿ ಇಳಿಸೋಕೆ ಒಪೆರಾ ಗಾಯಕಿಯ ಹತ್ತಿರ ತರಬೇತಿ ತಗೊಂಡಿದ್ದಾರೆ. ಟಿವಿಯ ಪುಟ್ಟ ಸ್ಪೀಕರಿಗೆ ಆ ಮಂದ್ರ ದಕ್ಕಲ್ಲ. ಸೌಂಡ್‌ಬಾರ್ ಇಲ್ಲದಿದ್ದರೆ ಒಳ್ಳೆ ಹೆಡ್‌ಫೋನ್ ಹಾಕ್ಕೊಳ್ಳಿ. ಓರ್ಲಾಕ್‌ನ ಒಂದೊಂದು ಉಸಿರೂ ಕೇಳಿಸುತ್ತೆ.