ಮೊದಲು ಟಿಪ್ಪರ್ ಲೆಕ್ಕ, ಆಮೇಲೆ ಪೇವರ್
ರಸ್ತೆ ಕೆಲಸದ ಖರ್ಚು ಏರಲು ಡೀಸೆಲ್ ಬೆಲೆಯೇ ಕಾರಣ ಅಂತ ಬರೆದಿದ್ದೀರಿ. ಅದು ಅರ್ಧ ಮಾತ್ರ ಸರಿ. ನಾನು ಬದಿಯಡ್ಕ ಕಡೆ ಡಾಮರು ಕೆಲಸದ ಲೆಕ್ಕ ನೋಡಿಕೊಳ್ಳುವವನು. ಕಳೆದ ಮೇ ತಿಂಗಳಲ್ಲಿ ರಸ್ತೆ ಮೇಲೆ ಡಾಮರು ಹಾಸುವ ಯಂತ್ರ ಪೇವರ್, ಎರಡು ರೋಲರ್, ಕೆಲಸದವರು ಎಲ್ಲ ಬೆಳಿಗ್ಗೆ ಏಳಕ್ಕೇ ಬಂದು ನಿಂತಿದ್ದರು, ಆದರೆ ಬಿಸಿ ಡಾಮರು-ಜಲ್ಲಿ ಮಿಕ್ಸ್ ತರುವ ಟಿಪ್ಪರ್ ಮೂರೇ ಇದ್ದದ್ದರಿಂದ ಒಂದು ಲೋಡು ಮುಗಿದು ಇನ್ನೊಂದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತಿತ್ತು. ಪೇವರ್ ಸುಮ್ನೆ ನಿಂತರೂ ಬಾಡಿಗೆ ನಿಲ್ಲುವುದಿಲ್ಲ. ಮಿಕ್ಸ್ ಸುಮಾರು 100 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ರೋಲರ್ ಓಡಿಸಿ ಮುಗಿಸಬೇಕು, ಇಲ್ಲದಿದ್ದರೆ ಗಟ್ಟಿಯಾಗಿ ಕೂರುವುದಿಲ್ಲ, ಮಳೆಗೆ ಜಲ್ಲಿ ಎದ್ದು ಬರುತ್ತದೆ. ನಮ್ಮ ಕಾಸರಗೋಡಿನಲ್ಲಿ ಜೂನ್ ಬಂದರೆ ಡಾಮರು ಕೆಲಸ ಬಂದ್ ಅಲ್ವಾ? ಮಿಕ್ಸ್ ತಯಾರಾಗುವ ಪ್ಲಾಂಟ್ ಎಷ್ಟು ದೂರ, ಒಂದು ಟ್ರಿಪ್ಪಿಗೆ ಎಷ್ಟು ಹೊತ್ತು ಅಂತ ನೋಡಿ ಟಿಪ್ಪರ್ ಗೊತ್ತು ಮಾಡಿದ ಮೇಲೆಯೇ ಪೇವರ್ ತರಿಸಿ.