ಅವರೆಕಾಳು ಹಿತುಕುತ್ತಾ ಗೋಲ್ಡನ್ ಗ್ಲೋಬ್ ನೋಡಿದ್ದು

ಅಮೆರಿಕದ ಸಿನಿಮಾ, ಟಿವಿ ಪ್ರಶಸ್ತಿ ಕಾರ್ಯಕ್ರಮ ಗೋಲ್ಡನ್ ಗ್ಲೋಬ್ ನೋಡೋದು ನನ್ನ ಹಳೇ ಚಟ. ಅಮೆರಿಕದಲ್ಲಿ ಭಾನುವಾರ ಸಂಜೆ ಶುರುವಾದರೆ ನಮಗೆ ಸೋಮವಾರ ಬೆಳಗ್ಗೆ ಆರೂವರೆ. ಆಫೀಸಿಗೆ 'ಸ್ವಲ್ಪ ಲೇಟಾಗುತ್ತೆ' ಅಂತ ಮೆಸೇಜ್ ಹಾಕಿ ಟಿವಿ ಮುಂದೆ ಕೂರುತ್ತೇನೆ.

2024ರ ಜನವರಿ 8ರಂದು ಜೊತೆಗೆ ಅಮ್ಮನೂ ಕೂತಿದ್ದಳು. ಪ್ರಶಸ್ತಿ ನೋಡೋಕಲ್ಲ, ಅವರೆಕಾಳು ಹಿತುಕೋಕೆ. ರಾತ್ರಿ ನೆನೆಹಾಕಿದ ಕಾಳು ಒಂದು ಪಾತ್ರೆ ತುಂಬ ಇತ್ತು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ ಅಂತ ಹಾರಿ ತಟ್ಟೆಗೆ ಬೀಳುತ್ತಿತ್ತು. ಒಂದೆರಡು ಟಿವಿ ಸ್ಟ್ಯಾಂಡ್ ಕೆಳಗೂ ಹೋದವು.

"ಇದೇನೋ, ರಿಸೆಪ್ಷನ್ ಊಟದ ಹಾಲ್ ಥರ ಇದೆ!" ಅಂದಳು. ಇರೋದೂ ಹಾಗೇ. ಬೆವರ್ಲಿ ಹಿಲ್ಟನ್ ಹೋಟೆಲಿನಲ್ಲಿ ದುಂಡು ಮೇಜುಗಳ ಸುತ್ತ ಸಿನಿಮಾದವರು, ಟಿವಿಯವರು ಒಟ್ಟಿಗೇ ಕೂತಿರುತ್ತಾರೆ. ಸೀರಿಯಲ್‌ನವರಿಗೂ ಅಷ್ಟೇ ಮರ್ಯಾದೆ ಅನ್ನೋದು ಅಮ್ಮನಿಗೆ ಹಿಡಿಸಿತು. ನಿರೂಪಕ ಜೋ ಕೋಯ್ ಏನೋ ಹೇಳಿದ.

"ಏನಂದ?"

"ಜೋಕು."

"ಯಾರೂ ನಗ್ತಿಲ್ವಲ್ಲ?"

ಕೆಲಸ ಸಿಕ್ಕಿದ್ದೇ ಹತ್ತು ದಿನದ ಹಿಂದೆ ಅಂತ ಅವನು ಸ್ಟೇಜ್ ಮೇಲೇ ಸಬೂಬು ಹೇಳಿಕೊಂಡ. ಪಾಪ. 'ಆಪನ್‌ಹೈಮರ್' ಸಿನಿಮಾಗೆ ಐದು ಪ್ರಶಸ್ತಿ ಬಂತು, ಅದು ಎಲ್ಲರೂ ಅಂದುಕೊಂಡಿದ್ದೇ.

ಕೊನೆಯ ಹೊತ್ತಿಗೆ 'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್' ಚಿತ್ರಕ್ಕಾಗಿ ಲಿಲಿ ಗ್ಲ್ಯಾಡ್‌ಸ್ಟೋನ್ ಹೆಸರು ಕರೆದರು. ಡ್ರಾಮಾ ವಿಭಾಗದಲ್ಲಿ ಅತ್ಯುತ್ತಮ ನಟಿ. ಅಮೆರಿಕದ ಮೂಲನಿವಾಸಿಗಳಲ್ಲಿ ಈ ಪ್ರಶಸ್ತಿ ಗೆದ್ದ ಮೊದಲಿಗಳು. ಮೇಲೆ ಬಂದು ಮೈಕ್ ಮುಂದೆ ಮೊದಲು ಆಡಿದ್ದು ಇಂಗ್ಲಿಷಲ್ಲ, ತನ್ನ ಬುಡಕಟ್ಟಾದ ಬ್ಲ್ಯಾಕ್‌ಫೀಟ್ ಜನರ ಭಾಷೆ. ಅಮ್ಮನ ಕೈ ನಿಂತಿತು.

"ಇದು ಇಂಗ್ಲಿಷಲ್ಲ ಅಲ್ವಾ?"

ಆಮೇಲೆ ಆಕೆ ಇಂಗ್ಲಿಷಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ತನಗೆ ಈ ಭಾಷೆ ಸರಾಗವಾಗಿ ಬರಲ್ಲ, ಆದರೂ ಇಷ್ಟಾದರೂ ಇಲ್ಲಿ ಮಾತಾಡೋಕಾಯಿತಲ್ಲ ಅನ್ನೋದೇ ಖುಷಿ ಅಂದಳು. ಹಿಂದೆ ಮೂಲನಿವಾಸಿ ನಟರು ಇಂಗ್ಲಿಷಲ್ಲೇ ಡೈಲಾಗ್ ಹೇಳುತ್ತಿದ್ದರಂತೆ. ಸೌಂಡ್‌ನವರು ಅದನ್ನೇ ಉಲ್ಟಾ ಓಡಿಸಿ 'ಅವರ ಭಾಷೆ' ಅಂತ ತೋರಿಸುತ್ತಿದ್ದರಂತೆ. ಇನ್ನೊಂದು ಮಾತು: ಆಕೆಯ ತಾಯಿ ಬ್ಲ್ಯಾಕ್‌ಫೀಟ್ ಅಲ್ಲ. ಆದರೂ ಮಗಳ ಕ್ಲಾಸಿನಲ್ಲಿ ಆ ಭಾಷೆ ಕಲಿಸಬೇಕು ಅಂತ ಹಟ ಹಿಡಿದು ಓಡಾಡಿದವರು.

ಅಮ್ಮ ಸುಮ್ಮನಾದಳು. ಅವಳು ಮಂಡ್ಯದವಳು, ಅಪ್ಪ ಪುತ್ತೂರಿನವರು. ಮದುವೆಯಾದ ಮೇಲೆ ಅಜ್ಜಿಯ ಹತ್ತಿರ ತುಳು ಕಲಿತಳು. ಮನೇಲಿ ನಮ್ಮ ಜೊತೆ ಬರೀ ಕನ್ನಡ. ಅಪ್ಪ ಅಮ್ಮನ ಜಗಳ ಮಾತ್ರ ತುಳುವಿನಲ್ಲಿ, ಮಕ್ಕಳಿಗೆ ತಿಳಿಯಬಾರದು ಅಂತ.

"ನಿಂಗೂ ಕಲಿಸಬಹುದಿತ್ತು ಕಣೋ," ಅಂದಳು. "ಜಗಳಕ್ಕೆ ಬೇಕು ಅಂತ ಇಟ್ಕೊಂಡ್ವಿ."

ನಮ್ಮ ಚಾನೆಲ್‌ಗಳ ಅವಾರ್ಡ್ ಕಾರ್ಯಕ್ರಮಗಳಲ್ಲಿ ನನಗೆ ಕಾಡೋದು ಇದೇ. ಡ್ಯಾನ್ಸ್‌ಗೆ ಬೇಕಾದಷ್ಟು ಹೊತ್ತು ಇರುತ್ತೆ, ಗೆದ್ದವರ ಮಾತಿಗೆ ಕತ್ತರಿ. ಬೇರೆ ಊರಿಂದ ಬಂದ ನಾಯಕಿ ತಡವರಿಸುತ್ತಾ ನಾಲ್ಕು ಸಾಲು ಕನ್ನಡ ಆಡಿದರೆ ಮರುದಿನ ಟ್ರೋಲ್. ನಾನೂ ಅದಕ್ಕೆ ನಗುವ ಇಮೋಜಿ ಹಾಕಿದವನೇ, ಸುಳ್ಳು ಯಾಕೆ ಹೇಳಲಿ. ಈಗ ಹಾಕಲ್ಲ. ತಡವರಿಸೋಕೂ ಒಂದಿಷ್ಟು ಪ್ರೀತಿ ಬೇಕು. ಸಿಟ್ಟು ಬರೋದು ಇಲ್ಲೇ ಹುಟ್ಟಿ ಬೆಳೆದು, ಮನೇಲಿ ಚೊಕ್ಕ ಕನ್ನಡ ಆಡಿ, ಮೈಕ್ ಕಂಡ ತಕ್ಷಣ 'ಐ ಯಾಮ್ ಸೋ ಬ್ಲೆಸ್ಡ್' ಅಂತ ಶುರುಮಾಡುವವರ ಮೇಲೆ. ಇನ್ನು 'ಒನ್ ಟೂ ತ್ರೀ' ಅಂತ ತುಟಿ ಆಡಿಸಿ, ಡಬ್ಬಿಂಗ್‌ನಲ್ಲಿ ಬೇರೆಯವರ ದನಿ ಕೂರಿಸುವ ಕತೆ ನಮ್ಮ ಕಡೆಯೂ ಕೇಳಿದ್ದೇವಲ್ಲ. ಪ್ರಶಸ್ತಿ ತುಟಿಗೆ. ಆ ದನಿಯವರನ್ನೂ ಒಂದು ಸಲ ಸ್ಟೇಜಿಗೆ ಕರೆದು, ಎರಡು ನಿಮಿಷ ಕಟ್ ಮಾಡದೆ ತೋರಿಸಿ ನೋಡೋಣ. ಒಂದು ಡ್ಯಾನ್ಸ್ ಕಡಿಮೆ ಆದರೆ ಯಾರೂ ಅಳಲ್ಲ.

ಕಾರ್ಯಕ್ರಮ ಮುಗಿದಾಗ ಒಂಬತ್ತು ದಾಟಿತ್ತು. ಲ್ಯಾಪ್‌ಟಾಪ್ ತೆಗೆಯೋ ಮೊದಲು ಪುತ್ತೂರಿನ ಅತ್ತೆಗೆ ಫೋನ್ ಮಾಡಿದೆ. ನನಗೆ ಬರೋದೇ ಒಂದು ತುಳು ವಾಕ್ಯ.

"ಅತ್ತೆ, ಒಣಸ್ ಆಂಡಾ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಜೋರು ನಗು. "ಬೆಳಗ್ಗೆ ಬೆಳಗ್ಗೆ ಎಂಥ ಊಟ ಮಾರಾಯ, ಈಗಷ್ಟೇ ದೋಸೆ ಹುಯ್ತಾ ಇದ್ದೇನೆ!"